ನಿಜಲಿಂಗಪ್ಪನವರು: ಅಧಿಕಾರವೂ ಸಂಯಮವೂ

ದಾವಣಗೆರೆಯಿಂದ ಹರಿಹರಕ್ಕೆ ಹೊರಟವರಿಗೆ ಬಾತಿಯ ಗುಡ್ಡ ದಾಟಿದ ಮೇಲೆ ತುಂಗಭದ್ರೆ ದೂರವಲ್ಲ. ಹಿಂದೆ ಹೊಳೆಯಾಚೆಯ ನೆಲ ಮುಂಬಯಿ ಪ್ರಾಂತಕ್ಕೂ, ಬಡಗಲ ಹರಪನಹಳ್ಳಿ ಸೀಮೆ ಮದರಾಸಿಗೂ ಸೇರಿದ್ದುವು. ಈಚೆಯದು ಮೈಸೂರು ಸಂಸ್ಥಾನ. ಆ ಹರಪನಹಳ್ಳಿ ಸೀಮೆಯ ಹಲುವಾಗಲಿನಲ್ಲಿ 1902ರ ಡಿಸೆಂಬರ್ 10ರಂದು ಜನಿಸಿದ ಎಸ್. ನಿಜಲಿಂಗಪ್ಪನವರು ವಿದ್ಯೆಗಾಗಿ ದಾವಣಗೆರೆಗೆ ಬಂದರು. ಹರಿದು ಹಂಚಿಹೋದ ಕನ್ನಡ ನಾಡನ್ನು ಅವರು ಭೂಪಟದಲ್ಲಿ ಹುಡುಕಬೇಕಾಗಿರಲಿಲ್ಲ.

ಬೆಂಗಳೂರಿನಲ್ಲಿ ಬಿ.ಎ., ಪುಣೆಯಲ್ಲಿ ಕಾನೂನು, ಚಿತ್ರದುರ್ಗದಲ್ಲಿ ವಕೀಲಿ, ಬಳಿಕ ಸತ್ಯಾಗ್ರಹ, ಸೆರೆಮನೆ, ಸಂವಿಧಾನ ಸಭೆ: ಆ ತಲೆಮಾರಿನ ಅನೇಕ ನಾಯಕರು ನಡೆದ ದಾರಿಯೇ ಇದು. 1956ರ ನವೆಂಬರ್ 1ರಂದು ಏಕೀಕೃತ ರಾಜ್ಯದ ಮೊದಲ ಮುಖ್ಯಮಂತ್ರಿಯಾದರು. 1958ರಲ್ಲಿ ಸ್ವಪಕ್ಷದವರ ಬೆಂಬಲವೇ ಕುಸಿಯಲು ಪೀಠ ತೆರವು ಮಾಡಿದರು, ಬಿ.ಡಿ. ಜತ್ತಿಯವರು ಬಂದರು. ರಾಜ್ಯ ಹುಟ್ಟಿ ಎರಡು ವರ್ಷವೂ ಆಗಿರಲಿಲ್ಲ. ನಾಯಕನ ಪತನವು ಹಳೆಯ ಮೈಸೂರು, ಹೊಸ ಸೀಮೆ ಎಂಬ ಒಡಕಾಗಿ ಬೆಳೆಯಬಹುದಾಗಿತ್ತು, ಬೆಳೆಯಲಿಲ್ಲ.

1962ರ ಚುನಾವಣೆಯ ಕಥೆ ಇನ್ನೂ ವಿಚಿತ್ರ. 208 ಸ್ಥಾನಗಳಲ್ಲಿ 138ನ್ನು ಕಾಂಗ್ರೆಸ್ಸು ಗೆದ್ದಿತು. ಹೊಸದುರ್ಗದಲ್ಲಿ ನಿಜಲಿಂಗಪ್ಪನವರು ಸೋತರು. ಶಾಸಕನಲ್ಲದವನೂ ಆರು ತಿಂಗಳು ಮಂತ್ರಿಯಾಗಿರಲು ಸಂವಿಧಾನ ಅವಕಾಶ ಕೊಟ್ಟಿದೆ. ಹತ್ತು ವರ್ಷ ಮೊದಲು ಮುಂಬಯಿಯಲ್ಲಿ ಮೊರಾರ್ಜಿ ದೇಸಾಯಿಯವರು ಸೋತೂ ಮುಖ್ಯಮಂತ್ರಿಯಾಗಿದ್ದರು. ಇಲ್ಲಿ ಹಾಗಾಗಲಿಲ್ಲ. ಎಸ್.ಆರ್. ಕಂಠಿಯವರು ಮಾರ್ಚಿಯಲ್ಲಿ ಅಧಿಕಾರ ವಹಿಸಿಕೊಂಡು, ನಿಜಲಿಂಗಪ್ಪನವರು ಬಾಗಲಕೋಟೆಯಿಂದ ಆಯ್ಕೆಯಾದೊಡನೆ ಜೂನಿನಲ್ಲಿ ಬಿಟ್ಟುಕೊಟ್ಟರು. ಅನಂತರ ಅವರ ಸಂಪುಟದಲ್ಲೇ ವಿದ್ಯಾಮಂತ್ರಿಯಾದರು. ಹೊಸದುರ್ಗದ ಮತದಾರನು ಬೇಡವೆಂದವರನ್ನು ಪಕ್ಷ ಬೇರೊಂದು ಬಾಗಿಲಿನಿಂದ ಕರೆತಂದಿತೆಂಬ ಆಕ್ಷೇಪವನ್ನು ನಾನು ತಳ್ಳಿಹಾಕಲಾರೆ. ಆದರೂ ಕೈಗೆ ಬಂದ ಪೀಠವನ್ನು ತಕರಾರಿಲ್ಲದೆ ಮರಳಿಸಿದ ಕಂಠಿಯವರನ್ನು ನಾವು ನೆನೆಯುವುದು ತೀರ ಕಡಮೆ.

1968ರಲ್ಲಿ ವೀರೇಂದ್ರ ಪಾಟೀಲರಿಗೆ ರಾಜ್ಯ ವಹಿಸಿ ಅಖಿಲ ಭಾರತ ಕಾಂಗ್ರೆಸ್ಸಿನ ಅಧ್ಯಕ್ಷರಾದ ನಿಜಲಿಂಗಪ್ಪನವರಿಗೆ ದೆಹಲಿಯಲ್ಲಿ ಅಂಥ ಸಹನೆ ಸಾಧ್ಯವಾಗಲಿಲ್ಲ. ಎದುರು ಪಕ್ಷಕ್ಕೂ ಆಗಲಿಲ್ಲ. ರಾಷ್ಟ್ರಪತಿ ಚುನಾವಣೆಯಲ್ಲಿ ಪಕ್ಷದ ಅಭ್ಯರ್ಥಿ ಸಂಜೀವ ರೆಡ್ಡಿಯವರು ಸೋತು ವಿ.ವಿ. ಗಿರಿಯವರು ಗೆದ್ದರು. 1969ರ ನವೆಂಬರ್ 12ರಂದು ಪ್ರಧಾನಿ ಇಂದಿರಾ ಗಾಂಧಿಯವರನ್ನೇ ಪಕ್ಷದಿಂದ ಹೊರಹಾಕಲಾಯಿತು. ಪಕ್ಷ ಇಬ್ಭಾಗವಾಯಿತು. 1971ರಲ್ಲಿ ಮೈಸೂರು ರಾಜ್ಯದ 27 ಲೋಕಸಭಾ ಸ್ಥಾನಗಳೂ ಇಂದಿರಾ ಅವರ ಪಾಲಾದುವು. ಪಾಟೀಲರ ಸರ್ಕಾರವೂ ಉರುಳಿತು.

ಬಳಿಕ ಅವರು ಕ್ರಮೇಣ ರಾಜಕೀಯದಿಂದ ದೂರವಾಗಿ ಚಿತ್ರದುರ್ಗದಲ್ಲಿ ನೆಲಸಿದರು. 2000ದ ಆಗಸ್ಟ್ 8ರಂದು, 97ನೆಯ ವಯಸ್ಸಿನಲ್ಲಿ ತೀರಿಕೊಂಡರು. ಅವರ ಸ್ಮಾರಕವಿರುವುದು ಆ ಊರಿನ ಸಮೀಪದ ಸೀಬಾರದಲ್ಲಿ.