ಸೊನ್ನಲಿಗೆಯ ಸಿದ್ಧರಾಮರ ಮೌನ



ನಮ್ಮ ರಾಯಚೂರು ಸೀಮೆಯವರಿಗೆ ನೀರಿನ ಬೆಲೆಯನ್ನು ಯಾರೂ ಕಲಿಸಬೇಕಾಗಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಮಾನ್ವಿಯ ಕೆಳಭಾಗದ ಹೊಲಗಳನ್ನು ಮುಟ್ಟುವ ತನಕ ರೈತನಿಗೆ ನಿದ್ದೆ ಹತ್ತುವುದಿಲ್ಲ. ನಾರಾಯಣಪುರ ಬಲದಂಡೆ ಕಾಲುವೆ ಬರುವ ಮುನ್ನ ಮುಗಿಲನ್ನೇ ನೋಡುತ್ತ ಬದುಕಿದ ಹಿರಿಯರು ದೇವದುರ್ಗದ ಕಡೆ ಈಗಲೂ ಇದ್ದಾರೆ. ಇಂಥ ನಾಡಿನಲ್ಲಿ ಕೆರೆ ಕಟ್ಟಿಸಿದವರನ್ನು ಜನರು ದೇವರೆಂದೇ ಕಾಣುತ್ತಾರೆ. ಹಾಗೆ ಕೆರೆ ಕಟ್ಟಿಸಿದ ಮಹಾತ್ಮರೊಬ್ಬರಿಗೆ ಅದಕ್ಕೂ ಮಿಗಿಲಾದುದೊಂದು ಉಳಿದಿದೆಯೆಂದು ತಿಳಿದುಬಂದ ಬಗೆಯನ್ನು ಇಂದು ನಾವು ಸ್ಮರಿಸಿಕೊಳ್ಳೋಣ. ಅವರೇ ಹನ್ನೆರಡನೆಯ ಶತಮಾನದ ಶಿವಯೋಗಿ ಸಿದ್ಧರಾಮೇಶ್ವರರು.

ಇಂದಿನ ಸೊಲ್ಲಾಪುರವೇ ಅಂದಿನ ಸೊನ್ನಲಿಗೆ. ಅಲ್ಲಿಯ ಮುದ್ದುಗೌಡ ಮತ್ತು ಸುಗ್ಗಲೆ ದಂಪತಿಗಳ ಉದರದಲ್ಲಿ ಜನಿಸಿದ ಈ ಶಿಶು ಬಹುಕಾಲ ಮಾತೇ ಆಡಲಿಲ್ಲವಂತೆ. ಹುಡುಗ ಮಂದಬುದ್ಧಿಯವನೆಂದು ಊರವರು ಆಡಿಕೊಂಡರು. ಒಳಗೆ ತುಂಬಿಕೊಂಡವನು ಹೊರಗೆ ಮೂಕನಂತೆ ಕಾಣುವುದು ಲೋಕದಲ್ಲಿ ಹೊಸದೇನಲ್ಲ. ಹೊಲ ಕಾಯುತ್ತಿದ್ದ ಈ ಬಾಲಕನ ಮುಂದೆ ಒಂದು ದಿನ ಮಲ್ಲಯ್ಯನು ಜಂಗಮ ರೂಪದಲ್ಲಿ ಬಂದು ನಿಂತನು. ಹುಡುಗನು ಎಳೆಯ ತೆನೆಯನ್ನು ಸುಟ್ಟು ಕೊಟ್ಟನು. ಬಂದವನು ಮೊಸರನ್ನವನ್ನೂ ಬಯಸಲು ಮನೆಗೆ ಓಡಿ ತಂದನು. ಅಷ್ಟರಲ್ಲಿ ಮಲ್ಲಯ್ಯ ಅಲ್ಲಿರಲಿಲ್ಲ. ಅವನನ್ನು ಹುಡುಕುತ್ತ ಯಾತ್ರಿಕರ ಜೊತೆ ಶ್ರೀಶೈಲಕ್ಕೆ ಹೋದ ಬಾಲಕನು ಎಲ್ಲಿಯೂ ಕಾಣದೆ ಕೊನೆಗೆ ಕಮರಿಗೆ ಹಾರಲು ಸಿದ್ಧನಾದಾಗ ಮಲ್ಲಿಕಾರ್ಜುನನು ಕೈಹಿಡಿದು ನಿಲ್ಲಿಸಿ, ಸೊನ್ನಲಿಗೆಯನ್ನು ಎರಡನೆಯ ಶ್ರೀಶೈಲವಾಗಿಸೆಂದು ಹರಸಿ ಕಳಿಸಿದನೆಂದು ರಾಘವಾಂಕ ಕವಿಯ ಕಾವ್ಯ ವರ್ಣಿಸುತ್ತದೆ.

ಮರಳಿ ಬಂದ ಸಿದ್ಧರಾಮರು ಸುಮ್ಮನೆ ಕೂಡಲಿಲ್ಲ. ಊರ ಸುತ್ತ ಅರವತ್ತೆಂಟು ಲಿಂಗಗಳನ್ನು ಸ್ಥಾಪಿಸಿದರು, ಗುಡಿ ಎತ್ತಿಸಿದರು, ಕೆರೆ ತೋಡಿಸಿದರು. ಸಾವಿರಾರು ಜನ ಅವರ ಮಾತಿಗೆ ಗುದ್ದಲಿ ಹಿಡಿದು ನಿಂತರು. ಮಾತು ಬಾರದ ಹುಡುಗನೆಂದು ನಕ್ಕ ಊರೇ ಈಗ ಅವರ ಬಾಯಿಂದ ಬರುವ ಮಾತಿಗಾಗಿ ಕಾಯತೊಡಗಿತು. ನಾಯಕನಾದವನಿಗೆ ಇದಕ್ಕಿಂತ ಅಪಾಯದ ಕಾಲ ಬೇರೊಂದಿಲ್ಲವೆಂದು ನಾವು ತಿಳಿಯುತ್ತೇವೆ. ಕೆಲಸ ಕೈಗೂಡುತ್ತಿರುತ್ತದೆ, ಜಯಕಾರ ಕಿವಿಗೆ ಬೀಳುತ್ತಿರುತ್ತದೆ, ತನ್ನೊಳಗನ್ನು ತಾನು ನೋಡಿಕೊಳ್ಳಲು ಗಳಿಗೆ ಸಿಗುವುದಿಲ್ಲ.

ಅಲ್ಲಮಪ್ರಭುಗಳು ಅಲ್ಲಿಗೆ ಬಂದದ್ದು ಆಗಲೇ. ಶೂನ್ಯಸಂಪಾದನೆಯು ಈ ಪ್ರಸಂಗವನ್ನು ವಿಸ್ತಾರವಾಗಿ ಹೇಳುತ್ತದೆ. ಮಣ್ಣು ಹೊರುತ್ತಿದ್ದವರ ಬಳಿ ಪ್ರಭುದೇವರು ನಿಮ್ಮ ಒಡ್ಡರಾಮನೆಲ್ಲಿ ಎಂದು ಕೇಳಿದರಂತೆ. ಗುರುವನ್ನು ಹೀಗಳೆದರೆಂದು ಕೆರಳಿದ ಶಿಷ್ಯರು ಕಲ್ಲು ಬೀರಿದರು. ಆ ಕಲ್ಲುಗಳು ಪ್ರಭುವನ್ನು ತಾಕದೆ ಸುತ್ತಲೂ ರಾಶಿಯಾದವು. ಸುದ್ದಿ ಮುಟ್ಟಿ ಬಂದ ಸಿದ್ಧರಾಮರೂ ಕೋಪವನ್ನು ತಡೆಯಲಾರದೆ ಹಣೆಗಣ್ಣನ್ನು ತೆರೆದರು. ಆ ಉರಿ ಪ್ರಭುವಿನ ಪಾದದಡಿಯಲ್ಲಿ ಅಡಗಿತು.

ಕಥೆಯ ಪವಾಡವನ್ನು ನಂಬುವವರು ನಂಬಲಿ. ನಮ್ಮ ಕಣ್ಣಿಗೆ ಬೀಳುವುದು ಬೇರೆ. ಜನಹಿತಕ್ಕಾಗಿ ಹಗಲಿರುಳು ದುಡಿದ ಯೋಗಿಯನ್ನು ಒಂದು ಬಿರುನುಡಿ ಉರಿಸಿಬಿಟ್ಟಿತು! ಕೆರೆ ಆಳವಾಗಿತ್ತು, ಆದರೆ ಮನಸ್ಸಿನ ನೀರು ಇನ್ನೂ ತಿಳಿಯಾಗಿರಲಿಲ್ಲ. ಪ್ರಭುದೇವರು ಕೆರೆಯನ್ನು ಮುಚ್ಚಿಸಲಿಲ್ಲ, ಮಾಡುವ ಕೆಲಸದೊಳಗೆ ಅವಿತಿದ್ದ ನಾನು ಎಂಬುದನ್ನು ಮಾತ್ರ ತೋರಿಸಿದರು. ಸಿದ್ಧರಾಮರಿಗೆ ಬಾಲ್ಯದ ಆ ಮೌನ ಮತ್ತೆ ದೊರೆಯಿತು, ಈ ಸಲ ಅರಿವಿನೊಡನೆ.

ಮೌನವೆಂದರೆ ಕೈಕಟ್ಟಿ ಕೂಡುವುದೆಂದು ಯಾರೂ ಭಾವಿಸಬಾರದು. ನಮ್ಮ ಜಿಲ್ಲೆಯದೇ ಆದ ಲಿಂಗಸುಗೂರು ಸೀಮೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಹೋದ ಆಯ್ದಕ್ಕಿ ಮಾರಯ್ಯ ಶರಣರು ಪ್ರಭುವಿನೊಡನೆ ಅನುಭಾವದಲ್ಲಿ ಮೈಮರೆತು ಕುಳಿತಾಗ, ಕಾಯಕದ ಹೊತ್ತು ಮೀರುತ್ತಿದೆಯೆಂದು ಎಬ್ಬಿಸಿದವರು ಅವರ ಪತ್ನಿ ಲಕ್ಕಮ್ಮನವರೇ. ಅದೇ ಮಾರಯ್ಯನವರು ಒಂದು ದಿನ ಬೇಕಾದುದಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಮರಳಿ ಸುರಿದು ಬರುವಂತೆ ಕಳಿಸಿದವರೂ ಆ ತಾಯಿಯೇ. ಎರಡೂ ಕಡೆಯ ಅಳತೆ ತಿಳಿದವರ ಸಭೆ ಅದು. ಇಂದು ಜನನಾಯಕರಿಗೆ ಸಭೆಯಿಂದ ಸಭೆಗೆ ಓಡುವುದೇ ಸೇವೆಯಾಗಿದೆ. ನಮ್ಮಂಥ ಮಠಾಧೀಶರಿಗೂ ಕಟ್ಟಡದ ಲೆಕ್ಕಪತ್ರ ಪೂಜೆಯ ಹೊತ್ತನ್ನು ನುಂಗುತ್ತಿದೆ. ಗಳಿಗೆಹೊತ್ತು ಕಣ್ಣುಮುಚ್ಚಿ ಕೂತವನ ಬಾಗಿಲನ್ನು ತಟ್ಟುವವರೇ ಹೆಚ್ಚು, ಲಕ್ಕಮ್ಮನವರಂತೆ ಅಳತೆ ಹೇಳುವವರು ವಿರಳ.

ಸಿದ್ಧರಾಮರು ಪ್ರಭುವಿನ ಜೊತೆ ಕಲ್ಯಾಣಕ್ಕೆ ನಡೆದರು. ಸಾವಿರಾರು ಜನರ ಗುರುವಾಗಿದ್ದವರು ತಮಗಿಂತ ಕಿರಿಯರಾದ ಚೆನ್ನಬಸವಣ್ಣನವರ ಮುಂದೆ ಬಾಗಿ ಇಷ್ಟಲಿಂಗ ದೀಕ್ಷೆ ಪಡೆದರು. ನಮ್ಮ ಮಟ್ಟಿಗೆ ಅವರ ಚರಿತ್ರೆಯಲ್ಲಿ ಇದೇ ಎಲ್ಲಕ್ಕಿಂತ ದೊಡ್ಡ ಪವಾಡ. ಕಪಿಲಸಿದ್ಧ ಮಲ್ಲಿಕಾರ್ಜುನ ಎಂಬ ಅಂಕಿತದಲ್ಲಿ ವಚನಗಳನ್ನು ಬರೆದರು. ಅಲ್ಲಮಪ್ರಭು ಮತ್ತು ಚೆನ್ನಬಸವಣ್ಣನವರ ತರುವಾಯ ಶೂನ್ಯಸಿಂಹಾಸನದ ಮೂರನೆಯ ಅಧ್ಯಕ್ಷರೂ ಆದರು.

ಕೊನೆಗೆ ಅವರು ಐಕ್ಯರಾದದ್ದು ಸೊನ್ನಲಿಗೆಯಲ್ಲಿಯೇ. ಪ್ರತಿವರ್ಷ ಮಕರ ಸಂಕ್ರಾಂತಿಗೆ ಅಲ್ಲಿ ನಂದಿಧ್ವಜಗಳ ಮೆರವಣಿಗೆ ನಡೆಯುತ್ತದೆ. ವಾಡಿ, ಕಲಬುರಗಿ ಮಾರ್ಗವಾಗಿ ರೈಲಿನಲ್ಲಿ ನಮ್ಮ ಕಡೆಯ ಭಕ್ತರೂ ಹೋಗಿಬರುತ್ತಾರೆ. ಜಾತ್ರೆಯ ಗದ್ದಲ ಮುಗಿದ ಮರುದಿನಗಳಲ್ಲಿ ಹೋದವರಿಗೆ ಸಮಾಧಿಯೂ, ಅದರ ಸುತ್ತಲಿನ ಕೆರೆಯ ನೀರೂ ಕಣ್ತುಂಬ ಕಾಣುತ್ತವೆ.