ಸಹಿ ಹಾಕದ ಅಡ್ಮಿರಲ್

ಮಾರ್ಕೆಟ್ ಯಾರ್ಡಿನಲ್ಲಿ ದೇವಗಡ ಅಂದ್ರೆ ಹಾಪೂಸ್ ಮಾವಿನ ಪೆಟ್ಟಿಗೆ. ಗುಲಬರ್ಗಾ, ವಿಜಾಪುರ ಕಡೆಯಿಂದ ಬಂದ ನಮ್ಮ ಹಮಾಲರಿಗೆ ಅದರಾಚೆ ಆ ಹೆಸರಿನ ಗೊಡವೆ ಇಲ್ಲ. ಅದೇ ದೇವಗಡ ತಾಲೂಕಿನಲ್ಲಿ, ಕಡಲಿಗೆ ಚಾಚಿಕೊಂಡು ವಿಜಯದುರ್ಗ ಕೋಟೆ ಇದೆ. ಇಂಗ್ಲಿಷರು ಅದನ್ನು ಘೇರಿಯಾ ಎಂದರು. ಚಾರ್ಲ್ಸ್ ವಾಟ್ಸನ್ ಈ ದೇಶದಲ್ಲಿ ಹೆಸರು ಮಾಡಿದ್ದು ಅಲ್ಲಿ.

1714ರಲ್ಲಿ ಹುಟ್ಟಿದವ, 1728ರಲ್ಲಿ ನೌಕಾಪಡೆ ಸೇರಿದ. 1748ಕ್ಕೆ ರಿಯರ್ ಅಡ್ಮಿರಲ್. ನಡುವಿನ ಬಡ್ತಿಗಳು ನಮಗೆ ಬೇಡ. 1754ರಲ್ಲಿ ಇವನನ್ನು ಹಿಂದೂಸ್ತಾನಕ್ಕೆ ಕಳಿಸಿದರು.

ಆಗ ಕೊಂಕಣದ ಕಡಲಲ್ಲಿ ಕಾನ್ಹೋಜಿಯ ಮಗ ತುಳಾಜಿ ಆಂಗ್ರೆಯದೇ ದರ್ಬಾರು. ಪುಣೆಯ ಪೇಶ್ವೆ ನಾನಾಸಾಹೇಬನಿಗೆ ಅವನು ಬಗ್ಗಲಿಲ್ಲ. ಪೇಶ್ವೆ ಏನು ಮಾಡಿದ? ಮರಾಠರದೇ ಹಡಗುಪಡೆಯನ್ನು ಮುರಿಯಲು ಇಂಗ್ಲಿಷರ ಕೈ ಹಿಡಿದ. 1756ರ ಫೆಬ್ರುವರಿ 12ರಂದು ವಾಟ್ಸನ್‌ನ ಹಡಗುಗಳು ಕೋಟೆಯ ಮೇಲೆ ಗುಂಡಿನ ಮಳೆ ಸುರಿಸಿದವು. ಆಂಗ್ರೆಯ ಒಂದು ಹಡಗಿಗೆ ಹತ್ತಿದ ಬೆಂಕಿ ಇಡೀ ಪಡೆಗೆ ಹಬ್ಬಿತು. ಮರುದಿನ ಕೋಟೆ ಬಿತ್ತು. ಸಿಕ್ಕ ಸುಮಾರು 10 ಲಕ್ಷ ರೂಪಾಯಿಯನ್ನು ಇಂಗ್ಲಿಷರು ತಮ್ಮತಮ್ಮಲ್ಲೇ ಹಂಚಿಕೊಂಡರು. ತುಳಾಜಿ ಪೇಶ್ವೆಯ ಸೆರೆಯಲ್ಲೇ ಸತ್ತ. ನನ್ನ ಮಟ್ಟಿಗೆ ಇದು ವಾಟ್ಸನ್‌ನ ಗೆಲುವಿಗಿಂತ ಪುಣೆ ತಾನಾಗಿ ಕೊಂಡ ಸೋಲು.

ಆದರೆ ಮನುಷ್ಯ ಕಾಣುವುದು ಬಂಗಾಳದಲ್ಲಿ. 1757ರ ಜನವರಿ 2ರಂದು ಕಲಕತ್ತೆ, ಮಾರ್ಚಿನಲ್ಲಿ ಫ್ರೆಂಚರ ಚಂದ್ರನಗರ ಇವನ ಹಡಗುಗಳಿಗೆ ಶರಣಾದವು. ಆಮೇಲೆ ನವಾಬ ಸಿರಾಜುದ್ದೌಲನನ್ನು ಇಳಿಸುವ ಒಳಸಂಚು. ನಡುವಿನ ದಲಾಲ ಉಮಿಚಂದ. ತನ್ನ ಪಾಲು ಕರಾರಿನಲ್ಲಿ ಬರೆಯದಿದ್ದರೆ ಗುಟ್ಟು ಒಡೆಯುತ್ತೇನೆ ಎಂದು ಹೆದರಿಸಿದ. ಕ್ಲೈವ್ ಎರಡು ಕರಾರು ಬರೆಸಿದ: ಬಿಳಿಯದು ಖರೆ, ಕೆಂಪುದು ಉಮಿಚಂದನಿಗೆ ತೋರಿಸಲು. ವಾಟ್ಸನ್ ಬಿಳಿಯದಕ್ಕೆ ಸಹಿ ಹಾಕಿದ, ಕೆಂಪುದಕ್ಕೆ ಒಲ್ಲೆ ಅಂದ. ಕ್ಲೈವ್ ಬೇರೊಬ್ಬನ ಕೈಲಿ ಅವನ ಸಹಿ ಬರೆಸಿದ!

ಅಡತ್ಯಾನ ಪಟ್ಟಿಯ ಮೇಲಿನ ಸಹಿಯನ್ನೇ ನಂಬಿ ಮಾಲು ಬಿಟ್ಟುಹೋಗುವ ರೈತನನ್ನು ದಿನಾ ನೋಡುವ ನನಗೆ ಈ ಪ್ರಸಂಗ ಸುಮ್ಮನೆ ದಾಟಲಾಗುವುದಿಲ್ಲ. ವಾಟ್ಸನ್ ಸಂತನಲ್ಲ, ಸಂಚಿನ ಖರೆ ಕರಾರಿನಲ್ಲಿ ಅವನೂ ಪಾಲುದಾರ. ಗುಂಡು ಹಾರಿಸಲು ಹಿಂಜರಿಯದ ಕೈ ಸುಳ್ಳು ಕಾಗದದ ಮೇಲೆ ಮಾತ್ರ ಏಳಲಿಲ್ಲ, ಅಷ್ಟೆ.

ಪ್ಲಾಸಿಯ ಕಾಳಗ ಜೂನ್ 23ಕ್ಕೆ. ಆಗಸ್ಟ್ 16ಕ್ಕೆ ವಾಟ್ಸನ್ ಕಲಕತ್ತೆಯಲ್ಲಿ ತೀರಿಕೊಂಡ, 43ರ ಹರೆಯದಲ್ಲಿ. ಕಂಪನಿ ಅವನಿಗೆ ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬ್ಬೆಯಲ್ಲಿ ಸ್ಮಾರಕ ಕಟ್ಟಿಸಿತು. 1773ರಲ್ಲಿ ಪಾರ್ಲಿಮೆಂಟಿನವರು ಸಹಿಯ ವಿಷಯ ಕೆದಕಿದಾಗ, ಅಡ್ಮಿರಲ್ ಬಾಯಿಮಾತಿನಲ್ಲಿ ಒಪ್ಪಿದ್ದನೆಂದೇ ತನ್ನ ತಿಳುವಳಿಕೆ ಎಂದ ಕ್ಲೈವ್. ಅಲ್ಲವೆನ್ನಬೇಕಾದವನು ಮಣ್ಣಾಗಿ 16 ವರ್ಷವಾಗಿತ್ತು.