ಹಾರಲು ಕಲಿತ ವಿಲ್ಬರ್ ರೈಟ್

ಹಕ್ಕಿಯಂತೆ ಹಾರಬೇಕೆಂಬ ಹಂಬಲ ಮಾನವನಿಗೆ ಬಹು ಹಿಂದಿನಿಂದಲೂ ಇದ್ದಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಆ ಹಂಬಲವನ್ನು ಕೈಗೂಡಿಸಿಕೊಳ್ಳಲು ಹೊರಟವರಲ್ಲಿ ಹೆಚ್ಚಿನವರು ಯಂತ್ರವನ್ನು ಮೇಲಕ್ಕೆತ್ತುವುದು ಹೇಗೆಂದು ಚಿಂತಿಸಿದರು. ಮೇಲೇರಿದ ಯಂತ್ರವನ್ನು ಅಂಕೆಯಲ್ಲಿಟ್ಟು ಕ್ಷೇಮವಾಗಿ ನೆಲಕ್ಕೆ ಇಳಿಸುವುದು ಹೇಗೆಂದು ಯೋಚಿಸಿದವರು ವಿರಳ. ಈ ಎರಡನೆಯ ಪ್ರಶ್ನೆಗೇ ಮೊದಲ ಸ್ಥಾನವನ್ನು ಕೊಟ್ಟು, ಮಗು ನಡೆಯಲು ಕಲಿಯುವಂತೆ ಹೆಜ್ಜೆ ಹೆಜ್ಜೆಯಾಗಿ ಹಾರಲು ಕಲಿತವನು ಅಮೆರಿಕದ ವಿಲ್ಬರ್ ರೈಟ್.

ವಿಲ್ಬರನು 1867ರ ಏಪ್ರಿಲ್ 16ರಂದು ಇಂಡಿಯಾನಾ ರಾಜ್ಯದ ಮಿಲ್‌ವಿಲ್ ಎಂಬ ಊರಿನ ಬಳಿ ಜನಿಸಿದನು. ತಂದೆ ಮಿಲ್ಟನ್ ರೈಟ್ ಕ್ರೈಸ್ತ ಧರ್ಮಗುರು. ತಾಯಿ ಸೂಸನ್ ಉಪಕರಣಗಳನ್ನು ಬಳಸುವುದರಲ್ಲಿ ನಿಪುಣೆ. ಮಕ್ಕಳ ಆಟಿಕೆಗಳನ್ನು ತಾನೇ ಮಾಡಿಕೊಡುತ್ತಿದ್ದಳು. ವಿಲ್ಬರನಿಗಿಂತ ನಾಲ್ಕು ವರ್ಷ ಕಿರಿಯನಾದ ಆರ್ವಿಲ್ ಅವನ ಬಾಳಿನುದ್ದಕ್ಕೂ ಜೊತೆಗಾರನಾದನು. 1878ರಲ್ಲಿ ತಂದೆ ತಂದುಕೊಟ್ಟ, ರಬ್ಬರಿನ ಎಳೆಯ ಬಲದಿಂದ ಮೇಲೇರುವ ಆಟಿಕೆಯೊಂದು ಈ ಸೋದರರ ಮನಸ್ಸಿನಲ್ಲಿ ಹಾರಾಟದ ಕುತೂಹಲವನ್ನು ಬಿತ್ತಿತು.

ವಿಲ್ಬರನು ಓದಿನಲ್ಲಿ ಮುಂದಿದ್ದನು. ಯೇಲ್ ವಿಶ್ವವಿದ್ಯಾನಿಲಯವನ್ನು ಸೇರಬೇಕೆಂಬ ಆಸೆಯೂ ಇದ್ದಿತು. ಆದರೆ ಹದಿನೆಂಟರ ಪ್ರಾಯದಲ್ಲಿ, ಹಿಮದ ಮೇಲಿನ ಆಟವೊಂದರಲ್ಲಿ ಕೋಲಿನ ಹೊಡೆತ ಮುಖಕ್ಕೆ ಬಿದ್ದು ಹಲ್ಲುಗಳು ಮುರಿದವು. ಆ ಪೆಟ್ಟಿನಿಂದ ಅವನ ಆರೋಗ್ಯವೂ ಉತ್ಸಾಹವೂ ಕುಗ್ಗಿದವು. ಅವನು ಕೆಲವು ವರ್ಷ ಮನೆಯಲ್ಲಿಯೇ ಉಳಿದು, ಕ್ಷಯರೋಗದಿಂದ ನರಳುತ್ತಿದ್ದ ತಾಯಿಯ ಶುಶ್ರೂಷೆ ಮಾಡುತ್ತ, ತಂದೆಯ ಗ್ರಂಥಭಂಡಾರದ ಪುಸ್ತಕಗಳನ್ನು ಓದಿದನು. ತಾಯಿ 1889ರಲ್ಲಿ ತೀರಿಕೊಂಡಳು. ಮುಂದೆ 1892ರಲ್ಲಿ ಸೋದರರು ಒಹಾಯೊ ರಾಜ್ಯದ ಡೇಟನ್ ನಗರದಲ್ಲಿ ಸೈಕಲ್ ಅಂಗಡಿಯನ್ನು ತೆರೆದರು.

1896ರ ಆಗಸ್ಟಿನಲ್ಲಿ ಬಂದ ಒಂದು ಮರಣವಾರ್ತೆ ಅವರ ಬಾಳಿನ ದಾರಿಯನ್ನು ಬದಲಿಸಿತು. ಜರ್ಮನಿಯ ಎಂಜಿನಿಯರ್ ಆಟೊ ಲಿಲಿಯೆಂತಾಲ್ ಬಟ್ಟೆ ಮತ್ತು ಕಡ್ಡಿಗಳಿಂದ ಮಾಡಿದ ರೆಕ್ಕೆಗಳನ್ನು ತೊಟ್ಟು, ಗುಡ್ಡಗಳಿಂದ ಧುಮುಕಿ ಗಾಳಿಯಲ್ಲಿ ತೇಲುತ್ತಿದ್ದನು. ಒಂದು ದಿನ ಅವನ ಯಂತ್ರದ ಮೂತಿ ಅತಿಯಾಗಿ ಮೇಲಕ್ಕೆದ್ದು ವೇಗ ಉಡುಗಿತು. ಸುಮಾರು 50 ಅಡಿ ಎತ್ತರದಿಂದ ಬಿದ್ದು ಮರುದಿನ ಪ್ರಾಣಬಿಟ್ಟನು. ವಿಲ್ಬರನು ಈ ಸಾವಿನ ಕಾರಣವನ್ನು ಆಳವಾಗಿ ಯೋಚಿಸಿದನು. ಲಿಲಿಯೆಂತಾಲನು ದೇಹವನ್ನು ಅತ್ತಿತ್ತ ತೂಗಿಯೇ ಸಮತೋಲವನ್ನು ಕಾಯುತ್ತಿದ್ದನು. ಬಲವಾದ ಗಾಳಿಯ ಮುಂದೆ ಈ ಉಪಾಯ ಸಾಲದು. ಅದಕ್ಕಿಂತ ಮುಖ್ಯವಾದ ಇನ್ನೊಂದು ಸಂಗತಿಯನ್ನೂ ವಿಲ್ಬರನು ಗಮನಿಸಿದನು. ಐದು ವರ್ಷಗಳ ಪ್ರಯೋಗದಲ್ಲಿ ಲಿಲಿಯೆಂತಾಲನು ಗಾಳಿಯಲ್ಲಿ ಕಳೆದಿದ್ದ ಒಟ್ಟು ಕಾಲ ಸುಮಾರು ಐದು ಗಂಟೆ ಮಾತ್ರವೆಂದು ಅವನು ಲೆಕ್ಕಹಾಕಿದನು. ಐದು ಗಂಟೆಗಳ ಅಭ್ಯಾಸದಿಂದ ಯಾರೂ ಜನಸಂದಣಿಯ ಬೀದಿಯಲ್ಲಿ ಸೈಕಲ್ ನಡೆಸಲಾರರು. ಹಾಗಿರುವಾಗ ಕಣ್ಣಿಗೆ ಕಾಣದ ಗಾಳಿಯ ಮೇಲೆ ಯಂತ್ರವನ್ನು ನಡೆಸುವುದು ಹೇಗೆ ಸಾಧ್ಯ? ಪ್ರಾಣಕ್ಕೆ ಅಪಾಯವಿಲ್ಲದೆ ದೀರ್ಘಕಾಲ ಅಭ್ಯಾಸಮಾಡುವ ಉಪಾಯವನ್ನು ಕಂಡುಹಿಡಿಯಬೇಕೆಂದು ಅವನು ನಿಶ್ಚಯಿಸಿದನು.

1899ರ ಮೇ 30ರಂದು ವಿಲ್ಬರನು ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಸಂಸ್ಥೆಗೆ ಪತ್ರ ಬರೆದು, ಹಾರಾಟವನ್ನು ಕುರಿತ ಪುಸ್ತಕಗಳ ಮಾಹಿತಿಯನ್ನು ಬೇಡಿದನು. ಹಕ್ಕಿಗಳು ರೆಕ್ಕೆಯ ತುದಿಗಳನ್ನು ತಿರುಚಿ ಸಮತೋಲವನ್ನು ಕಾಯ್ದುಕೊಳ್ಳುವುದನ್ನು ಅವನು ಕಂಡಿದ್ದನು. ಯಂತ್ರದ ರೆಕ್ಕೆಗಳನ್ನೂ ಹಾಗೆಯೇ ತಂತಿಗಳಿಂದ ತಿರುಚುವ ವಿಧಾನವನ್ನು ರೂಪಿಸಿ, ಮೊದಲು ಐದಡಿ ಅಗಲದ ಗಾಳಿಪಟವೊಂದರಲ್ಲಿ ಪರೀಕ್ಷಿಸಿದನು. ಅದು ಫಲಿಸಿದ ಮೇಲೆಯೇ ಮನುಷ್ಯನನ್ನು ಹೊರುವ ಗ್ಲೈಡರಿನ, ಎಂದರೆ ಎಂಜಿನ್ ಇಲ್ಲದ ತೇಲುಯಂತ್ರದ, ರಚನೆಗೆ ಕೈಹಾಕಿದನು.

ಅಭ್ಯಾಸಕ್ಕಾಗಿ ಸೋದರರು ಆರಿಸಿದ ಸ್ಥಳ ಅಟ್ಲಾಂಟಿಕ್ ಸಾಗರತೀರದ ಕಿಟಿಹಾಕ್. ಅಲ್ಲಿ ಬಲವಾದ ಗಾಳಿ ಬೀಸುತ್ತಿತ್ತು. ಬಿದ್ದರೆ ಹೆಚ್ಚು ಪೆಟ್ಟಾಗದಂತೆ ಮೆತ್ತನೆಯ ಮರಳೂ ಇದ್ದಿತು. 1900ರಲ್ಲಿ ಅವರು ಗ್ಲೈಡರನ್ನು ಹಗ್ಗದಿಂದ ಕಟ್ಟಿ, ಬಹುಮಟ್ಟಿಗೆ ಗಾಳಿಪಟದಂತೆಯೇ ಹಾರಿಸಿದರು. ಮನುಷ್ಯನ ಬದಲು ಸರಪಣಿಯ ಭಾರವನ್ನು ಹೇರಿ ಅದರ ಗುಣದೋಷಗಳನ್ನು ಅಳೆದರು. ಅನಂತರ ವಿಲ್ಬರನು ನೆಲದಿಂದ ಕೆಲವೇ ಅಡಿಗಳ ಎತ್ತರದಲ್ಲಿ ತೇಲಿದನು. ಅಜಾಗರೂಕತೆ ಮತ್ತು ಅತಿಯಾದ ಆತ್ಮವಿಶ್ವಾಸಗಳೇ ನಿಜವಾದ ಅಪಾಯಗಳೆಂದೂ, ತಾನು ಅವುಗಳಿಗೆ ಎಡೆಗೊಡುವುದಿಲ್ಲವೆಂದೂ ಅವನು ತಂದೆಗೆ ಪತ್ರದಲ್ಲಿ ಭರವಸೆಯಿತ್ತನು.

1901ರಲ್ಲಿ ಅವನ ಎಚ್ಚರಿಕೆಯ ಬೆಲೆ ತಿಳಿದುಬಂದಿತು. ಒಂದು ಹಾರಾಟದಲ್ಲಿ ಗ್ಲೈಡರಿನ ಮೂತಿ ಮೇಲಕ್ಕೆದ್ದು ವೇಗ ಪೂರ್ಣವಾಗಿ ಉಡುಗಿತು. ಲಿಲಿಯೆಂತಾಲನನ್ನು ಕೊಂದದ್ದು ಇದೇ ಸ್ಥಿತಿ. ರೆಕ್ಕೆಯು ಗಾಳಿಗೆ ಅತಿ ಕಡಿದಾಗಿ ನಿಂತಾಗ ಅದರ ಮೇಲ್ಮೈಯನ್ನು ಸವರಿ ಹರಿಯಬೇಕಾದ ಗಾಳಿ ಚೆದರಿಹೋಗುತ್ತದೆ. ಎತ್ತಿ ಹಿಡಿಯುವ ಶಕ್ತಿ ಕುಸಿಯುತ್ತದೆ. ಆದರೆ ಸೋದರರು ಏರಿಳಿತವನ್ನು ಹತೋಟಿಯಲ್ಲಿಡುವ ಫಲಕವನ್ನು ಯಂತ್ರದ ಮುಂಭಾಗದಲ್ಲಿ ಜೋಡಿಸಿದ್ದರು. ಅದರಿಂದಾಗಿ ಗ್ಲೈಡರು ತಲೆಕೆಳಗಾಗದೆ, ಸಮತಲವಾಗಿ ನಿಧಾನವಾಗಿ ಮರಳಿನ ಮೇಲೆ ಕುಳಿತಿತು. ವಿಲ್ಬರನು ಗಾಯವಿಲ್ಲದೆ ಹೊರಬಂದನು.

ಆದರೂ ಯಂತ್ರದ ಸಾಮರ್ಥ್ಯ ಅವರ ಲೆಕ್ಕಕ್ಕಿಂತ ಬಹಳ ಕಡಿಮೆಯಾಗಿತ್ತು. ಹಿಂದಿನವರ ಅಂಕಿಅಂಶಗಳನ್ನು ಕುರುಡಾಗಿ ನಂಬುವ ಬದಲು, ಸೋದರರು ಆರಡಿ ಉದ್ದದ ಪೆಟ್ಟಿಗೆಯೊಂದರಲ್ಲಿ ಗಾಳಿಯನ್ನು ಹಾಯಿಸಿ, ಸುಮಾರು 200 ಬಗೆಯ ಪುಟ್ಟ ರೆಕ್ಕೆಗಳನ್ನು ಪರೀಕ್ಷಿಸಿದರು. ಅದರ ಫಲವಾದ 1902ರ ಗ್ಲೈಡರಿನಲ್ಲಿ ತಿರುಗಬಲ್ಲ ಚುಕ್ಕಾಣಿಯೂ ಸೇರಿತು. ಆ ವರ್ಷ ಅವರು 700ಕ್ಕೂ ಹೆಚ್ಚು ಸಲ ತೇಲಿದರು. ಎಂಜಿನ್ನನ್ನು ಜೋಡಿಸುವ ಮೊದಲೇ ಅವರ ಕೈಗಳು ಗಾಳಿಯ ನಡೆಯನ್ನು ಅರಿತಿದ್ದವು.

1903ರಲ್ಲಿ ಸುಮಾರು 12 ಅಶ್ವಶಕ್ತಿಯ ಎಂಜಿನ್ನುಳ್ಳ ವಿಮಾನ ಸಿದ್ಧವಾಯಿತು. ಡಿಸೆಂಬರ್ 14ರಂದು ನಾಣ್ಯ ಚಿಮ್ಮಿ ನೋಡಿದಾಗ ಮೊದಲ ಸರದಿ ವಿಲ್ಬರನಿಗೆ ಬಂದಿತು. ಅವನು ಮೂತಿಯನ್ನು ಅಗತ್ಯಕ್ಕಿಂತ ಹೆಚ್ಚು ಎತ್ತಿದ್ದರಿಂದ ವಿಮಾನ ಮೂರೂವರೆ ಸೆಕೆಂಡುಗಳಲ್ಲಿಯೇ ಕೆಳಗಿಳಿದು ಜಖಂಗೊಂಡಿತು. ಅವರು ಅದನ್ನು ಸರಿಪಡಿಸಿ ಡಿಸೆಂಬರ್ 17ರಂದು ಮತ್ತೆ ಯತ್ನಿಸಿದರು. ಆರ್ವಿಲ್ 12 ಸೆಕೆಂಡುಗಳ ಕಾಲ 120 ಅಡಿ ಹಾರಿದನು. ಆ ದಿನದ ನಾಲ್ಕನೆಯ ಹಾರಾಟದಲ್ಲಿ ವಿಲ್ಬರನು 59 ಸೆಕೆಂಡುಗಳಲ್ಲಿ 852 ಅಡಿಗಳನ್ನು ಕ್ರಮಿಸಿದನು.

ಈ ಯಶಸ್ಸಿನಿಂದ ಅವರು ಕಲಿಕೆಯನ್ನು ನಿಲ್ಲಿಸಲಿಲ್ಲ. ಡೇಟನ್ ಸಮೀಪದ ಹಫ್‌ಮನ್ ಪ್ರೇರಿ ಎಂಬ ಹುಲ್ಲುಗಾವಲಿನಲ್ಲಿ ಎರಡು ವರ್ಷ ಅಭ್ಯಾಸಮಾಡಿದರು. ಹಲವು ಬಾರಿ ಬಿದ್ದರು. ಪ್ರತಿಯೊಂದು ಬೀಳುವಿಕೆಯ ಕಾರಣವನ್ನೂ ಹುಡುಕಿ ತಿದ್ದಿಕೊಂಡರು. ತಿರುವಿನಲ್ಲಿ ವೇಗ ಕುಗ್ಗಿ ವಿಮಾನ ಒಂದು ಬದಿಗೆ ಜಾರತೊಡಗಿದರೆ, ಮೂತಿಯನ್ನು ಮೇಲೆತ್ತುವ ಬದಲು ಕೆಳಕ್ಕೆ ಬಾಗಿಸಿ ವೇಗವನ್ನು ಮರಳಿ ಪಡೆಯಬೇಕೆಂಬ ಪಾಠವನ್ನು ಅವರು ಕಲಿತದ್ದು ಇಲ್ಲಿಯೇ. ನೆಲ ಹತ್ತಿರವಾಗುತ್ತಿರುವಾಗ ನೆಲದತ್ತಲೇ ಮೂತಿಯನ್ನು ತಿರುಗಿಸಲು ಮನಸ್ಸು ಒಪ್ಪುವುದಿಲ್ಲ. ಅಭ್ಯಾಸವೊಂದೇ ಅದನ್ನು ಒಪ್ಪಿಸಬಲ್ಲದು. 1905ರ ಅಕ್ಟೋಬರ್ 5ರಂದು ವಿಲ್ಬರನು 39 ನಿಮಿಷಗಳ ಕಾಲ ಸುತ್ತು ಸುತ್ತಾಗಿ 24 ಮೈಲಿ ಹಾರಿದನು.

ಆ ಬಳಿಕ ಎರಡೂವರೆ ವರ್ಷ ಸೋದರರು ಹಾರಲಿಲ್ಲ. ವಿಮಾನದ ಮಾರಾಟದ ಮಾತುಕತೆಗಳಲ್ಲಿ ಕಾಲ ಕಳೆಯಿತು. ಆದುದರಿಂದ 1908ರಲ್ಲಿ ಜನರೆದುರು ಹಾರುವ ಮುನ್ನ ಅವರು ಕಿಟಿಹಾಕಿಗೆ ಮರಳಿ, ಹೊಸದಾಗಿ ಅಭ್ಯಾಸಕ್ಕೆ ತೊಡಗಿದರು. ಮೇ 14ರಂದು ವಿಲ್ಬರನು ಹೊಸ ಬಗೆಯ ಸನ್ನೆಕೋಲನ್ನು ತಪ್ಪಾಗಿ ಚಲಾಯಿಸಿ ವಿಮಾನವನ್ನು ನೆಲಕ್ಕೆ ಅಪ್ಪಳಿಸಿದನು. ಜಗತ್ತಿನ ಅತ್ಯಂತ ಅನುಭವಿ ವಿಮಾನಯಾನಿಯೂ ಅಭ್ಯಾಸ ತಪ್ಪಿದಾಗ ವಿದ್ಯಾರ್ಥಿಯೇ ಆಗುತ್ತಾನೆಂಬುದಕ್ಕೆ ಇದು ನಿದರ್ಶನ.

ಅದೇ ವರ್ಷ ಆಗಸ್ಟ್ 8ರಂದು ವಿಲ್ಬರನು ಫ್ರಾನ್ಸಿನ ಲ ಮಾನ್ ನಗರದ ಬಳಿ ಮೊದಲ ಬಾರಿಗೆ ಸಾರ್ವಜನಿಕರೆದುರು ಹಾರಿದನು. ನೆರೆದವರು ಗಂಟೆಗಟ್ಟಲೆ ಕಾಯುತ್ತಿದ್ದರೂ ಅವನು ಆತುರಪಡಲಿಲ್ಲ. ಯಂತ್ರದ ಒಂದೊಂದು ಭಾಗವನ್ನೂ ಪರೀಕ್ಷಿಸಿದ ಬಳಿಕವೇ ಮೇಲೇರಿದನು. ಎರಡು ನಿಮಿಷಕ್ಕೂ ಕಡಿಮೆ ಅವಧಿಯ ಆ ಹಾರಾಟ, ಅವನನ್ನು ಶಂಕಿಸಿದ್ದ ಯೂರೋಪಿನವರನ್ನು ಬೆರಗುಗೊಳಿಸಿತು.

ಸೆಪ್ಟೆಂಬರ್ 17ರಂದು ಅಮೆರಿಕದ ಫೋರ್ಟ್ ಮಾಯರಿನಲ್ಲಿ ದುರಂತ ಸಂಭವಿಸಿತು. ಆರ್ವಿಲ್ ನಡೆಸುತ್ತಿದ್ದ ವಿಮಾನದ ಪ್ರೊಪೆಲರ್ ಸೀಳಿ, ಚುಕ್ಕಾಣಿಯನ್ನು ಬಿಗಿದಿದ್ದ ತಂತಿಗೆ ತಗುಲಿತು. ವಿಮಾನ ಕೆಳಗುರುಳಿತು. ಜೊತೆಗಿದ್ದ ಲೆಫ್ಟಿನೆಂಟ್ ಥಾಮಸ್ ಸೆಲ್‌ಫ್ರಿಜ್ ಮೃತನಾದನು. ಆರ್ವಿಲ್‌ನ ತೊಡೆಯ ಮೂಳೆಯೂ ಪಕ್ಕೆಲುಬುಗಳೂ ಮುರಿದವು. ಸುದ್ದಿ ತಿಳಿದ ವಿಲ್ಬರನು ತಾನು ತಮ್ಮನ ಬಳಿ ಇದ್ದಿದ್ದರೆ ಹೀಗಾಗುತ್ತಿರಲಿಲ್ಲವೆಂದು ಕೊರಗಿದನು. ಸಹಾಯಕರಿದ್ದರೂ ತಾನೇ ಯಂತ್ರದ ಅಡಿಗೆ ನುಸುಳಿ ಸಣ್ಣಪುಟ್ಟ ಕೆಲಸಗಳನ್ನು ಮಾಡುವುದನ್ನು ಕಂಡು ಜನರು ತನ್ನನ್ನು ಮೂಢನೆಂದು ಭಾವಿಸುವರೆಂದೂ, ಆದರೆ ಹಾಗೆ ನುಸುಳಿದಾಗ ನೆರೆಯ ಭಾಗಗಳ ದೋಷವೂ ಕಣ್ಣಿಗೆ ಬೀಳುವುದೆಂದೂ ಅವನು ಸೋದರಿ ಕ್ಯಾಥರೀನಳಿಗೆ ಬರೆದು ತಿಳಿಸಿದನು. ನಾಲ್ಕು ದಿನಗಳ ಬಳಿಕ, ಸೆಪ್ಟೆಂಬರ್ 21ರಂದು, ಅವನು ಒಂದೂವರೆ ಗಂಟೆ ಕಾಲ ಹಾರಿ ತಮ್ಮ ವಿಮಾನದ ಮೇಲಿನ ನಂಬಿಕೆಯನ್ನು ಉಳಿಸಿದನು. ವರ್ಷದ ಕೊನೆಯ ದಿನ, ಕೊರೆಯುವ ಚಳಿಯಲ್ಲಿ, 2 ಗಂಟೆ 20 ನಿಮಿಷ ಹಾರಿ ಮಿಷೆಲಿನ್ ಬಹುಮಾನವನ್ನು ಗೆದ್ದನು.

1909ರಲ್ಲಿ ವಿಲ್ಬರನು ಗುರುವಾದನು. ಫ್ರಾನ್ಸಿನ ಪೋ ನಗರದಲ್ಲಿ ಶಿಷ್ಯರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಇಬ್ಬರಿಗೂ ಎಟುಕುವ ಸನ್ನೆಕೋಲುಗಳ ಮೂಲಕ ಹಾರಾಟವನ್ನು ಕಲಿಸಿದನು. ಅದೇ ವರ್ಷದ ಅಕ್ಟೋಬರ್ 4ರಂದು ನ್ಯೂಯಾರ್ಕಿನ ಹಡ್ಸನ್ ನದಿಯ ಮೇಲೆ ಹಾರುವಾಗ, ಎಂಜಿನ್ ಕೆಟ್ಟು ನೀರಿಗಿಳಿಯಬೇಕಾದರೆ ತೇಲಲು ನೆರವಾಗಲೆಂದು ವಿಮಾನದ ಅಡಿಗೆ ಒಂದು ದೋಣಿಯನ್ನು ಕಟ್ಟಿಕೊಂಡಿದ್ದನು. ದೋಣಿಯ ಅಗತ್ಯ ಬೀಳಲಿಲ್ಲ. 33 ನಿಮಿಷಗಳಲ್ಲಿ ಅವನು ಕ್ಷೇಮವಾಗಿ ಹಿಂದಿರುಗಿದನು. ಸೋದರರು ಎಂದೂ ಒಂದೇ ವಿಮಾನದಲ್ಲಿ ಜೊತೆಯಾಗಿ ಹಾರುತ್ತಿರಲಿಲ್ಲ. ಅಪಘಾತವಾದರೆ ಒಬ್ಬನಾದರೂ ಉಳಿದು ಕಾರ್ಯವನ್ನು ಮುಂದುವರಿಸಬೇಕೆಂಬುದು ಅವರ ನಿಯಮ. 1910ರ ಮೇ 25ರಂದು ಮಾತ್ರ, ವೃದ್ಧ ತಂದೆಯ ಒಪ್ಪಿಗೆ ಪಡೆದು, ಅವರಿಬ್ಬರೂ ಒಮ್ಮೆ ಒಟ್ಟಿಗೆ ಹಾರಿದರು.

ಇಷ್ಟು ಬಾರಿ ಆಗಸದಿಂದ ಕ್ಷೇಮವಾಗಿ ಇಳಿದ ವಿಲ್ಬರನಿಗೆ ಮರಣ ಬಂದುದು ನೆಲದ ಮೇಲೆ. ವಿಷಮಶೀತ ಜ್ವರದಿಂದ ನರಳಿ, ತನ್ನ ಮನೆಯಲ್ಲಿಯೇ 1912ರ ಮೇ 30ರಂದು ಅವನು ಕೊನೆಯುಸಿರೆಳೆದನು. ಆಗ ಅವನಿಗೆ 45 ವರ್ಷ. ಸ್ಮಿತ್ಸೋನಿಯನ್ ಸಂಸ್ಥೆಗೆ ಪತ್ರ ಬರೆದು ಅಂದಿಗೆ ಸರಿಯಾಗಿ ಹದಿಮೂರು ವರ್ಷಗಳಾಗಿದ್ದವು.

ಇಂದು ಪುಟ್ಟ ವಿಮಾನವನ್ನು ನಡೆಸಲು ಕಲಿಯುವ ಯುವಕ ಯುವತಿಯರು ಹಾರುವ ಮುನ್ನ ಅದರ ಸುತ್ತ ನಡೆದು ಒಂದೊಂದು ಭಾಗವನ್ನೂ ಪರೀಕ್ಷಿಸುತ್ತಾರೆ. ಗುರುವಿನ ಪಕ್ಕದಲ್ಲಿ ಕುಳಿತು, ವೇಗ ಉಡುಗಿದ ವಿಮಾನದ ಮೂತಿಯನ್ನು ಬಾಗಿಸಿ ಅದನ್ನು ಉಳಿಸಿಕೊಳ್ಳುವುದನ್ನು ಸಾಕಷ್ಟು ಎತ್ತರದಲ್ಲಿ ಮತ್ತೆ ಮತ್ತೆ ಅಭ್ಯಾಸಮಾಡುತ್ತಾರೆ. ಹವೆ ಅನುಕೂಲವಾಗಿಲ್ಲದಿದ್ದರೆ ಕಾಯುತ್ತಾರೆ. ಈ ಶಿಸ್ತನ್ನು ಯಾರೂ ಹೇಳಿಕೊಡದಿದ್ದ ಕಾಲದಲ್ಲಿ ವಿಲ್ಬರ್ ರೈಟ್ ತಾನಾಗಿಯೇ ರೂಢಿಸಿಕೊಂಡನು. ಹಾರುವವನಿಗೆ ಧೈರ್ಯ ಬೇಕು, ನಿಜ. ಆದರೆ ಆ ಧೈರ್ಯವನ್ನು ಮರಳಿ ನೆಲಕ್ಕೆ ತಲಪಿಸುವುದು ಎಚ್ಚರ ಮತ್ತು ಅಭ್ಯಾಸ ಎಂಬುದನ್ನು ಅವನ ಬಾಳು ತೋರಿಸಿಕೊಟ್ಟಿತು.